ಉತ್ತರ ಬಾರದ ಸಾಲುಗಳು: ಒಬ್ಬ ಟೆಸ್ಟರ್‌ನ ಎಂಟು ತಿಂಗಳು

ಈ ಪ್ರಕರಣದ ವ್ಯಕ್ತಿ ನಾನೇ. ವಯಸ್ಸು ನಲವತ್ತೊಂದು, ಊರು ತಿಪಟೂರಿನ ಪಕ್ಕದ ಹಳ್ಳಿ, ವಾಸ ಬೆಂಗಳೂರಿನ ವಿಜಯನಗರ, ಕೆಲಸ ಸಾಫ್ಟ್‌ವೇರ್ ಪರೀಕ್ಷೆ. ಹದಿನೈದು ವರ್ಷದ ಅನುಭವದಲ್ಲಿ ಬಹುಪಾಲು ಮ್ಯಾನುಯಲ್ ಟೆಸ್ಟಿಂಗ್. ಬೇರೆಯವರು ಬರೆದ ತಂತ್ರಾಂಶವನ್ನು ಕೈಯಾರೆ ಒತ್ತಿ, ತಟ್ಟಿ, ಬೇಕೆಂದೇ ತಪ್ಪು ಮಾಹಿತಿ ತುಂಬಿ, ಅದು ಎಲ್ಲಿ ಮುರಿಯುತ್ತದೆ ಎಂದು ನೋಡಿ ಬರೆದಿಡುವ ಕಸುಬು. 2023ರ ಮಾರ್ಚ್ 17ರ ಶುಕ್ರವಾರ ಕೆಲಸ ಹೋಯಿತು. ನವೆಂಬರ್ 20ರ ಸೋಮವಾರ ಮತ್ತೆ ಸಿಕ್ಕಿತು. ನಡುವಿನ ಎಂಟು ತಿಂಗಳನ್ನು ದೋಷ ವರದಿ ಬರೆಯುವವನ ಅಭ್ಯಾಸದಲ್ಲಿಯೇ ಬರೆಯುತ್ತಿದ್ದೇನೆ: ಏನನ್ನು ನಿರೀಕ್ಷಿಸಿದ್ದೆ, ಏನಾಯಿತು, ಯಾವ ಹೆಜ್ಜೆಯಲ್ಲಿ ಕೆಟ್ಟಿತು. ಕಂಪನಿಗಳ ಹೆಸರೂ ಜನರ ಹೆಸರೂ ಬೇಡ.

ಅಂಥ ದಿನಗಳಲ್ಲಿ ಹುಮ್ಮಸ್ಸು ಹೇಗೆ ಉಳಿಸಿಕೊಂಡಿರಿ ಎಂದು ಈಗ ಕೆಲವರು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಉಳಿಸಿಕೊಳ್ಳಲಿಲ್ಲ. ಜೂನ್ ಮೊದಲ ವಾರದ ಹೊತ್ತಿಗೆ ಅದು ತಳ ಕಂಡಿತ್ತು. ಆಮೇಲಿನ ಐದು ತಿಂಗಳು ಗಾಡಿ ಓಡಿದ್ದು ಬೇರೆ ಯಾವುದರ ಮೇಲೋ.

ಆ ಶುಕ್ರವಾರ

ಮಧ್ಯಾಹ್ನ ಮೂರಕ್ಕೆ ಹದಿನೈದು ನಿಮಿಷದ ವಿಡಿಯೊ ಕರೆಗೆ ಆಹ್ವಾನ ಬಂತು. ವಿಷಯದ ಸಾಲು ಖಾಲಿ ಇತ್ತು. ಇಷ್ಟು ವರ್ಷ ಈ ಉದ್ಯಮದಲ್ಲಿ ತಿಂದುಂಡವನಿಗೆ ಖಾಲಿ ವಿಷಯದ ಸಾಲು ಏನು ಹೇಳುತ್ತದೆ ಎಂದು ಗೊತ್ತಿರಬೇಕಿತ್ತು. ನಾನು ಸಂಬಳ ಹೆಚ್ಚಳದ ಮಾತಿರಬಹುದು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತೆ. ಏಳು ನಿಮಿಷದಲ್ಲಿ ಎಲ್ಲ ಮುಗಿಯಿತು. ಸಂಜೆ ಆರಕ್ಕೆ ಕಂಪನಿಯ ಲ್ಯಾಪ್‌ಟಾಪ್ ತಾನಾಗಿಯೇ ಬೀಗ ಜಡಿದುಕೊಂಡಿತು.

ಕಾಲ ಎಂಥದ್ದು ಎಂಬುದು ಗುಟ್ಟಾಗಿರಲಿಲ್ಲ. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ದರ ಏರಿಸುತ್ತಾ ಬಂದಿತ್ತು. ಅಗ್ಗದ ಸಾಲದ ಮೇಲೆ ನಿಂತಿದ್ದ ತಂತ್ರಜ್ಞಾನ ಯೋಜನೆಗಳ ಖರ್ಚಿಗೆ ಕತ್ತರಿ ಬಿತ್ತು. ಆ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯುವುದಾಗಿ ಸಾರಿತು. 2023ರ ಜನವರಿಯಲ್ಲಿ ಅಮೆಜಾನ್ 18,000, ಗೂಗಲ್ 12,000, ಮೈಕ್ರೋಸಾಫ್ಟ್ 10,000. ಇವನ್ನೆಲ್ಲ ಪತ್ರಿಕೆಯಲ್ಲಿ ಓದಿ, ಕಚೇರಿಯ ಕ್ಯಾಂಟೀನಿನಲ್ಲಿ ಚರ್ಚಿಸಿ, ಅದು ಅವರ ಮನೆಯ ಬೆಂಕಿ ಎಂದುಕೊಂಡಿದ್ದೆವು. ನಮ್ಮದು ಅಮೆರಿಕದ ಗ್ರಾಹಕರ ದುಡ್ಡಿನಲ್ಲಿ ನಡೆಯುವ ಮಧ್ಯಮ ಗಾತ್ರದ ಸೇವಾ ಕಂಪನಿ. ಬೆಂಕಿ ಬಿದ್ದ ಬಣವೆಯ ಪಕ್ಕದಲ್ಲಿಯೇ ನಮ್ಮ ಗುಡಿಸಲು ಇತ್ತು.

ಕೈಗೆ ಬಂದದ್ದು ಮೂರು ತಿಂಗಳ ಸಂಬಳ. ಕೆಲಸ ಹೋದ ದಿನವೇ ಕಂಪನಿಯ ಗುಂಪು ಆರೋಗ್ಯ ವಿಮೆಯೂ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಮೂರನೆಯ ದಿನ, ಏಪ್ರಿಲ್‌ನಲ್ಲಿ ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿದ್ದ ನೆನಪಾದಾಗ. ಅದನ್ನು ಕೈಯಿಂದಲೇ ದುಡ್ಡು ಹಾಕಿ ಮಾಡಿಸಿದೆವು. ಭವಿಷ್ಯ ನಿಧಿಯಲ್ಲಿ ಹಣವಿತ್ತು. ಕೆಲಸ ಬಿಟ್ಟು ಒಂದು ತಿಂಗಳಾದರೆ ಶೇಕಡಾ 75ರಷ್ಟನ್ನು ತೆಗೆಯಬಹುದು ಎಂಬ ನಿಯಮ ಆಗ ಇತ್ತು. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ; ಅವಳ ಸಂಬಳದಲ್ಲಿ ಮನೆಯ ಖರ್ಚು ಹೇಗೋ ನಡೆಯುತ್ತಿತ್ತು, ಮನೆಸಾಲದ ಕಂತು ನಡೆಯುತ್ತಿರಲಿಲ್ಲ. ಭವಿಷ್ಯ ನಿಧಿಯನ್ನು ಆಗಸ್ಟ್‌ವರೆಗೆ ಮುಟ್ಟುವುದಿಲ್ಲ ಎಂದು ಇಬ್ಬರೂ ಕುಳಿತು ತೀರ್ಮಾನಿಸಿದೆವು. ದುಡ್ಡಿನ ವಿಷಯ ಇಷ್ಟು ಸಾಕು. ಅದು ಕಷ್ಟವಾಗಿತ್ತು, ಆದರೆ ಅದಕ್ಕೆ ಲೆಕ್ಕವಿತ್ತು. ಲೆಕ್ಕಕ್ಕೆ ಸಿಗದೆ ಕಾಡಿದ್ದು ಮೌನ.

146 ಸಾಲು

ಕೆಲಸ ಹೋದ ಮರು ಸೋಮವಾರವೇ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಮಾಡಿದೆ. ದಿನಾಂಕ, ಕಂಪನಿ, ಹುದ್ದೆ, ಅರ್ಜಿಯ ಸ್ಥಿತಿ. ನೌಕ್ರಿ, ಲಿಂಕ್ಡ್‌ಇನ್, ಕಂಪನಿಗಳ ಸ್ವಂತ ಜಾಲತಾಣ, ಎಲ್ಲ ಕಡೆಯೂ ಅರ್ಜಿ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಐದಾರು ಸಾಲು ತುಂಬುತ್ತಿದ್ದವು. ಅದೇ ಹೆಸರು, ಅದೇ ಪದವಿ, ಅದೇ ವಿಳಾಸ, ಒಂದೊಂದು ಕಂಪನಿಗೂ ಹೊಸ ಪಾಸ್‌ವರ್ಡ್. ರೆಸ್ಯೂಮೆಯನ್ನು ಏರಿಸಿದ ಮೇಲೂ ಅದರಲ್ಲಿ ಇರುವುದನ್ನೆಲ್ಲ ಮತ್ತೆ ಕೈಯಿಂದ ತುಂಬಿಸಿಕೊಳ್ಳುವ ಆ ಅರ್ಜಿಗಳನ್ನು ವಿನ್ಯಾಸ ಮಾಡಿದವರು ಯಾರೋ, ಅವರು ಜೀವನದಲ್ಲಿ ಒಮ್ಮೆಯೂ ಕೆಲಸ ಹುಡುಕಿರಲಾರರು.

ಹನ್ನೊಂದು ವಾರ ಕಳೆದಾಗ ಕೋಷ್ಟಕದಲ್ಲಿ 146 ಸಾಲುಗಳಿದ್ದವು. ತಿರಸ್ಕಾರ 19. ಫೋನ್ ಕರೆ 8. ಅವುಗಳಲ್ಲಿ ಎರಡನೆಯ ಸುತ್ತಿಗೆ ಹೋದದ್ದು ಒಂದೂ ಇಲ್ಲ. ಉಳಿದ 119 ಸಾಲುಗಳ ಮುಂದೆ ಬರೆಯಲು ಏನೂ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಪರೀಕ್ಷೆಯೊಂದಕ್ಕೆ ಎರಡು ಫಲ: ಪಾಸ್, ಫೇಲ್. ಫೇಲ್ ಆದರೆ ಬೇಸರವಿಲ್ಲ. ಅದಕ್ಕೇ ಸಂಬಳ ಕೊಡುತ್ತಾರೆ. ನಮಗೆ ತಲೆನೋವು ತರುವುದು ಪಾಸೂ ಆಗದೆ ಫೇಲೂ ಆಗದೆ ಪರದೆಯ ಮೇಲೆ ಚಕ್ರ ತಿರುಗುತ್ತಾ ನಿಲ್ಲುವ ಪರೀಕ್ಷೆ. ಅದರಿಂದ ಏನನ್ನೂ ಕಲಿಯಲಾಗುವುದಿಲ್ಲ. ತಪ್ಪು ನನ್ನದೋ, ಜಾಲದ್ದೋ, ಆ ಕಡೆಯವರದ್ದೋ ತಿಳಿಯುವುದಿಲ್ಲ. ನನ್ನ ಮುಂದೆ ಅಂಥ 119 ಚಕ್ರಗಳು ತಿರುಗುತ್ತಿದ್ದವು. ತಿರಸ್ಕಾರದ ಮಿಂಚಂಚೆ ಬಂದ ದಿನ ನಾನು ಹೆಚ್ಚು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ ಎಂದರೆ ನಂಬಬೇಕು.

ಮಾತಾಡಿದವರ ಮಾತೂ ಮೌನದ ಇನ್ನೊಂದು ಬಗೆ. ‘ನಿಮ್ಮ ಪ್ರೊಫೈಲ್ ಹೋಲ್ಡ್‌ನಲ್ಲಿದೆ.’ ‘ಎರಡು ದಿನದಲ್ಲಿ ತಿಳಿಸುತ್ತೇವೆ.’ ಆ ಎರಡು ದಿನಗಳಲ್ಲಿ ನಾನು ಸ್ನಾನದ ಮನೆಗೂ ಮೊಬೈಲ್ ಒಯ್ಯುತ್ತಿದ್ದೆ. ಮೂರನೆಯ ದಿನ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಇಂಥ ಕರೆ ಮಾಡುವ ಹುಡುಗ ಹುಡುಗಿಯರ ಮೇಲೆ ಆಗ ಕೋಪವಿತ್ತು, ಈಗಿಲ್ಲ. ಅವರಲ್ಲಿ ಇಬ್ಬರು ಆಮೇಲೆ ನನಗೇ ಫೋನ್ ಮಾಡಿ, ತಮ್ಮ ಕೆಲಸವೂ ಹೋಯಿತು, ಎಲ್ಲಾದರೂ ಇದ್ದರೆ ತಿಳಿಸಿ ಎಂದರು.

ಸ್ಫೂರ್ತಿಯ ವಿಡಿಯೊಗಳನ್ನೂ ನೋಡಿದೆ. ಬಂಡೆಯ ಮೇಲೆ ನಿಂತ ಸಿಂಹ, ಹಿನ್ನೆಲೆಯಲ್ಲಿ ತಮಟೆ, ಸೋಲೇ ಗೆಲುವಿನ ಮೆಟ್ಟಿಲು ಎಂಬ ಗಡಸು ದನಿ. ಅದರ ಅಮಲು ಮುಂದಿನ ಅರ್ಜಿಯ ಪಾಸ್‌ವರ್ಡ್ ಪುಟದವರೆಗೆ ಇರುತ್ತಿತ್ತು.

ಖಾಲಿ ಚೀಲ

ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ, ಅವಳು ಆಗ ಆರನೆಯ ತರಗತಿ ಮುಗಿಸಿ ರಜೆಯಲ್ಲಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. ಮೊದಮೊದಲು ಮಾಗಡಿ ರಸ್ತೆಯ ಹೋಟೆಲೊಂದರಲ್ಲಿ ಒಂದು ಕಾಫಿಗೆ ಒಂದೂವರೆ ಗಂಟೆ ಕುಳಿತು, ಮಾಣಿಯ ನೋಟ ಬದಲಾದ ಮೇಲೆ ಎದ್ದೆ. ಆಮೇಲೆ ಹಂಪಿನಗರದ ಗ್ರಂಥಾಲಯಕ್ಕೆ ಹೋಗತೊಡಗಿದೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರೇ ತುಂಬಿರುತ್ತಾರೆ. ಬಾಗಿಲು ತೆರೆಯುವ ಮೊದಲೇ ಬಂದು ಜಾಗ ಹಿಡಿಯುತ್ತಾರೆ. ಒಬ್ಬ ಹುಡುಗ ನಾನೂ ಪರೀಕ್ಷೆಗೆ ಓದುತ್ತಿದ್ದೇನೆಂದು ತಿಳಿದು, ‘ಸರ್, ನಿಮಗೆ ವಯೋಮಿತಿ ಮುಗಿದಿಲ್ಲವೇ?’ ಎಂದು ಕಾಳಜಿಯಿಂದ ಕೇಳಿದ.

ವಿಚಿತ್ರವೆಂದರೆ, ಅಷ್ಟು ಸಮಯ ಕೈಯಲ್ಲಿದ್ದರೂ ಅಲ್ಲಿ ನಾನು ಏನನ್ನೂ ಓದುತ್ತಿರಲಿಲ್ಲ. ಪತ್ರಿಕೆಯ ಒಂದೇ ಪುಟವನ್ನು ಅರ್ಧ ಗಂಟೆ ಹಿಡಿದು ಕುಳಿತಿರುತ್ತಿದ್ದೆ. ಇದಕ್ಕೆ ಹಳೆಯ ಸಾಕ್ಷ್ಯವೊಂದು ಇದೆ ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಆಸ್ಟ್ರಿಯಾದ ವಿಯೆನ್ನಾ ಬಳಿಯ ಮರಿಯೆಂಟಾಲ್ ಎಂಬ ಊರಿನಲ್ಲಿ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, 1930ರ ದಶಕದ ಆರಂಭದಲ್ಲಿ ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿ ತಿಂಗಳುಗಟ್ಟಲೆ ಅಧ್ಯಯನ ಮಾಡಿದರು. ಜನರ ಬಳಿ ಸಮಯವೇ ಸಮಯ. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಇಳಿದಿತ್ತು, ನಡುನಡುವೆ ನಿಂತುಬಿಡುತ್ತಿದ್ದರು. ಓದಿದಾಗ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಗ್ರಂಥಾಲಯದಿಂದ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ನಾನೂ ಮುಚ್ಚಿದ ಅಂಗಡಿಗಳ ಬೋರ್ಡುಗಳನ್ನು ಓದುತ್ತಾ ಮುಕ್ಕಾಲು ಗಂಟೆ ಕಳೆಯುತ್ತಿದ್ದೆ.

ಕಿವಿಗೆ ಹಿಡಿದ ಕಾಯಿ

ಜೂನ್ ಎರಡನೆಯ ವಾರ ಊರಿಗೆ ಹೋದೆ. ಅಮ್ಮನ ಕಣ್ಣಿನ ತಪಾಸಣೆ ನೆಪ. ನಗರದಲ್ಲಿ ಇರಲಾಗದೆ ಹೋದೆ ಎಂಬುದು ನಿಜ. ನಮ್ಮದು ತೆಂಗಿನ ತೋಟ. ತಿಪಟೂರಿನ ಕಡೆ ಕಾಯಿಯನ್ನು ಎಳನೀರಿಗೆ ಕೊಡುವುದಕ್ಕಿಂತ ಅಟ್ಟಕ್ಕೆ ಏರಿಸಿ ಉಂಡೆ ಕೊಬ್ಬರಿ ಮಾಡುವುದೇ ಹಳೆಯ ರೂಢಿ. ಹತ್ತು ಹನ್ನೊಂದು ತಿಂಗಳು ನೆರಳಿನಲ್ಲಿ ಸುಮ್ಮನೆ ಬಿದ್ದಿರುವ ಕಾಯಿಯಲ್ಲಿ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ.

ಆ ವರ್ಷ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇತ್ತು; ತಿಪಟೂರಿನ ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಅಮ್ಮ ಮಾರದೆ ಕಾಯುತ್ತಿದ್ದಳು. ನಾನು ಅಟ್ಟ ಹತ್ತಿದಾಗ, ಒಂದು ಕಣ್ಣಿಗೆ ಕಪ್ಪು ಕನ್ನಡಕದ ಮರೆ ಮಾಡಿಕೊಂಡು, ಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಲೊಟಲೊಟ ಎಂದರೆ ಕೊಬ್ಬರಿಯಾಗಿದೆ, ಬಲಕ್ಕೆ. ಗುಳುಗುಳು ಎಂದರೆ ನೀರು ಇನ್ನೂ ಇದೆ, ಎಡಕ್ಕೆ. ಯಾವ ಸದ್ದೂ ಇಲ್ಲದಿದ್ದರೆ ಕೊಳೆತಿರಬಹುದು. ಅದನ್ನು ಆಗಲೇ ಒಡೆದು ನೋಡುತ್ತಿದ್ದಳು, ಮತ್ತೆ ಅಟ್ಟದಲ್ಲಿ ಇಡುತ್ತಿರಲಿಲ್ಲ. ‘ಸದ್ದಿಲ್ಲದ ಕಾಯಿಯನ್ನು ಇಟ್ಟುಕೊಂಡರೆ ಪಕ್ಕದ್ದೂ ಕೆಡುತ್ತದೆ’ ಎಂದಳು. ಕೊಬ್ಬರಿಯ ಬಗ್ಗೆ ಹೇಳಿದ್ದು, ಅಷ್ಟೇ. ನನ್ನ ಕೆಲಸ ಹೋದದ್ದು ಅವಳಿಗೆ ಆಗ ಗೊತ್ತೇ ಇರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ ತುಮಕೂರು ದಾಟಿದ ಮೇಲೆ ಕೋಷ್ಟಕ ತೆರೆದೆ. 119 ಸಾಲುಗಳನ್ನು ಇಟ್ಟುಕೊಂಡು ನಾನು ಹನ್ನೊಂದು ವಾರ ಕುಳಿತಿದ್ದೆ. ಅವುಗಳಲ್ಲಿ ಒಂದನ್ನೂ ಒಡೆದು ನೋಡಿರಲಿಲ್ಲ.

ಒಡೆದು ನೋಡಿದ್ದು

ಉಳಿದವರ ತಂತ್ರಾಂಶವನ್ನು ಹದಿನೈದು ವರ್ಷ ಪರೀಕ್ಷಿಸಿದವನು ನನ್ನ ಸ್ವಂತ ಅರ್ಜಿಯನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಆ ರಾತ್ರಿ ಕುಳಿತೆ.

ಮೊದಲ ದೋಷ ಅರ್ಧ ಗಂಟೆಯಲ್ಲಿ ಸಿಕ್ಕಿತು. ನೌಕ್ರಿಯ ನನ್ನ ಪುಟದಲ್ಲಿ ನೋಟಿಸ್ ಅವಧಿ ‘ಮೂರು ತಿಂಗಳು’ ಎಂದೇ ಇತ್ತು. ಎಂದೋ ತುಂಬಿದ್ದು. ಬೆಂಗಳೂರಿನ ಐಟಿ ಜಗತ್ತಿನಲ್ಲಿ ಇದರ ಅರ್ಥವೇನೆಂದು ಬಲ್ಲವರು ಬಲ್ಲರು: ತೊಂಬತ್ತು ದಿನ ಕಾಯಲು ಯಾರಿಗೂ ಮನಸ್ಸಿಲ್ಲ, ನೇಮಕಾತಿಯವರು ಹುಡುಕುವಾಗ ಮೊದಲು ಹಾಕುವ ಸೋಸುವ ಜರಡಿಯೇ ಅದು. ನಾನು ಮರುದಿನವೇ ಸೇರಬಲ್ಲ ಮನುಷ್ಯ. ಜಗತ್ತಿಗೆ ಮೂರು ತಿಂಗಳು ಕಾಯಿರಿ ಎಂದು ಹೇಳುತ್ತಾ ಕುಳಿತಿದ್ದೆ. ಅದನ್ನು ಬದಲಿಸಿದ ವಾರದಲ್ಲಿ ನಾಲ್ಕು ಕರೆಗಳು ಬಂದವು. ಹಿಂದಿನ ಹನ್ನೊಂದು ವಾರಗಳಲ್ಲಿ ಬಂದದ್ದರ ಅರ್ಧ.

ಎರಡನೆಯದು ಇನ್ನೂ ನಗೆಪಾಟಲು. ದುಡ್ಡು ಕೊಟ್ಟು ಸುಂದರವಾದ ರೆಸ್ಯೂಮೆ ಮಾಡಿಸಿದ್ದೆ: ಎರಡು ಅಂಕಣ, ಎಡಗಡೆ ನೀಲಿ ಪಟ್ಟಿ, ಮೇಲೆ ಹಣೆಪಟ್ಟಿಯಲ್ಲಿ ಹೆಸರು ಮತ್ತು ಫೋನ್ ಸಂಖ್ಯೆ. ಆ ಕಡತದಲ್ಲಿರುವುದನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದೆ. ಕಂಪನಿಗಳ ಯಂತ್ರ ಹೆಚ್ಚೂಕಡಿಮೆ ಹಾಗೆಯೇ ಓದುವುದು. ಎರಡೂ ಅಂಕಣಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡು, ನನ್ನ ಪದವಿಯ ವರ್ಷಕ್ಕೆ ಹಳೆಯ ಯೋಜನೆಯ ಹೆಸರು ಅಂಟಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ಪದಗಳು ಚೆಲ್ಲಾಪಿಲ್ಲಿಯಾಗಿದ್ದವು. ಫೋನ್ ಸಂಖ್ಯೆ ಇರಲೇ ಇಲ್ಲ. ಅದು ಹಣೆಪಟ್ಟಿಯ ಚಿತ್ರದೊಳಗೆ ಉಳಿದುಬಿಟ್ಟಿತ್ತು. ಇಷ್ಟು ದಿನ ಏಕೆ ಕರೆಯಲಿಲ್ಲ ಎಂದು ದೇವರನ್ನು ಕೇಳುತ್ತಿದ್ದೆ. ಒಂದೇ ಅಂಕಣದ, ಬಣ್ಣವಿಲ್ಲದ, ಎರಡು ಪುಟದ ಸಾದಾ ರೆಸ್ಯೂಮೆಯನ್ನು ನಾನೇ ಬರೆದೆ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ ಇದು ಉಪಾಯ ಎಂದಲ್ಲ. ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ರಾತ್ರಿ ಒಂದೂವರೆಗೆ ನಾನು ಮೂರು ತಿಂಗಳಲ್ಲಿ ಮೊದಲ ಬಾರಿಗೆ ಹಸಿವಾಗಿ ಅಡುಗೆಮನೆಗೆ ಹೋಗಿ ತಣ್ಣನೆಯ ಚಪಾತಿ ತಿಂದೆ. ಹುಮ್ಮಸ್ಸು ಎಂದು ಜನ ಕರೆಯುವುದು ಇದನ್ನೇ ಆಗಿದ್ದರೆ, ಅದು ನನಗೆ ಒಳ್ಳೆಯ ಸುದ್ದಿಯಿಂದ ಬರಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದುದರಿಂದ ಬಂತು.

ಕರೆ ಬರತೊಡಗಿದ ಮೇಲೆ ಸೋಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು. ಈಗ ಸೋಲುತ್ತಿದ್ದುದು ತಾಂತ್ರಿಕ ಸುತ್ತಿನಲ್ಲಿ. ಕಾರಣ ನನಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ. ಕೈಯಿಂದ ಪರೀಕ್ಷಿಸುವವರನ್ನು ಮಾತ್ರ ಕೇಳುವ ಹುದ್ದೆಗಳು ಅಪರೂಪವಾಗಿದ್ದವು. ಪರೀಕ್ಷೆಯನ್ನು ಯಂತ್ರದಿಂದಲೇ ಮಾಡಿಸುವ ಸೆಲೆನಿಯಂ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ, ತಂತ್ರಾಂಶಗಳು ಒಂದರೊಡನೊಂದು ಮಾತಾಡುವ ಎಪಿಐನ ಪರೀಕ್ಷೆ, ಇವು ಇಲ್ಲದ ಪ್ರಕಟಣೆಯೇ ಇಲ್ಲ. ನಾನು ಸೆಲೆನಿಯಂ ಕೋರ್ಸ್ ಮಾಡಿ ಪ್ರಮಾಣಪತ್ರ ಇಟ್ಟುಕೊಂಡಿದ್ದೆ. ಜುಲೈನಲ್ಲಿ ಒಂದು ಸಂದರ್ಶನ. ಆ ಕಡೆಯವರ ಕ್ಯಾಮೆರಾ ಮುಚ್ಚಿತ್ತು, ದನಿಗೆ ಇಪ್ಪತ್ತೆಂಟು ಇರಬಹುದು. ಇಂಪ್ಲಿಸಿಟ್ ವೇಟ್ ಎಂದರೇನು, ಎಕ್ಸ್‌ಪ್ಲಿಸಿಟ್ ವೇಟ್ ಎಂದರೇನು ಎಂದು ಕೇಳಿದರು, ಒಪ್ಪಿಸಿದೆ. ‘ಎರಡನ್ನೂ ಒಟ್ಟಿಗೆ ಬಳಸಿದರೆ ಏನಾಗುತ್ತದೆ?’ ಗೊತ್ತಿರಲಿಲ್ಲ. ಪುಟದಲ್ಲಿ ಗುಂಡಿ ಕಾಣಿಸುವವರೆಗೆ ಎಷ್ಟು ಹೊತ್ತು ಕಾಯಬೇಕು ಎಂದು ಯಂತ್ರಕ್ಕೆ ಹೇಳುವ ಎರಡು ವಿಧಾನಗಳು ಅವು. ಬೆರೆಸಿದರೆ ಎಷ್ಟು ಕಾಯುತ್ತದೆ ಎಂಬುದನ್ನು ಮುಂಗಾಣಲಾಗುವುದಿಲ್ಲ, ಬೆರೆಸಬೇಡಿ ಎಂದು ಸೆಲೆನಿಯಂನ ಕೈಪಿಡಿಯೇ ಹೇಳುತ್ತದೆ. ಒಮ್ಮೆಯಾದರೂ ಕೈಯಿಂದ ಮಾಡಿ ಕೆಡಿಸಿಕೊಂಡವನಿಗೆ ಗೊತ್ತಿರುವ ಉತ್ತರ ಅದು. ಕೋರ್ಸಿನ ವಿಡಿಯೊ ನೋಡಿದವನಿಗೆ ಗೊತ್ತಿರುವುದಿಲ್ಲ.

ಮರುದಿನದಿಂದ ದಿನಚರಿ ಬದಲಾಯಿತು. ಅರ್ಜಿಗೆ ಬೆಳಿಗ್ಗೆ ಒಂದು ಗಂಟೆ, ಮೂರು ಸಾಲಿಗಿಂತ ಹೆಚ್ಚಿಲ್ಲ. ಉಳಿದ ಹೊತ್ತು ಅಂದಂದೇ ಉತ್ತರ ಕೊಡುವ ಕೆಲಸಗಳಿಗೆ. ಅಭ್ಯಾಸಕ್ಕೆಂದೇ ಇರುವ ನಕಲಿ ಅಂಗಡಿ ಜಾಲತಾಣಗಳ ಮೇಲೆ ಪರೀಕ್ಷೆ ನಡೆಸುವ ಕೋಡ್ ಬರೆಯುವುದು. ಓಡಿಸಿದ ಹತ್ತು ಸೆಕೆಂಡಿನಲ್ಲಿ ಹಸಿರೋ ಕೆಂಪೋ ಕಾಣುತ್ತದೆ. ಕೆಂಪು ಬಂದರೆ ಯಾವ ಸಾಲಿನಲ್ಲಿ ಎಂದೂ ಹೇಳುತ್ತದೆ. ಇಡೀ ದೇಶದ ನೇಮಕಾತಿ ವ್ಯವಸ್ಥೆ ಕೊಡದ ಸೌಜನ್ಯವನ್ನು ಆ ಪುಟ್ಟ ಕಪ್ಪು ಕಿಟಕಿ ದಿನಕ್ಕೆ ನಲವತ್ತು ಸಲ ಕೊಡುತ್ತಿತ್ತು.

ಕಾಣದ ಅಕ್ಷರ

ಆಗಸ್ಟ್‌ನಲ್ಲಿ ನಡೆದ ಒಂದು ಸಣ್ಣ ಸಂಗತಿ. ಟಿಪ್ಪಣಿ ಬರೆದುಕೊಳ್ಳಲು ಮುಕ್ತ ತಂತ್ರಾಂಶವೊಂದನ್ನು ಬಳಸುತ್ತಿದ್ದೆ. ಸಂದರ್ಶನದ ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಇಟ್ಟಿದ್ದೆ. ಒಂದು ದಿನ ‘ಸಾಫ್ಟ್‌ವೇರ್’ ಎಂದು ಹುಡುಕಿದರೆ ಹತ್ತಾರು ಟಿಪ್ಪಣಿಗಳಲ್ಲಿ ಮೂರೇ ಬಂದವು. ಉಳಿದವು ಕಣ್ಣೆದುರೇ ಇದ್ದವು, ತಂತ್ರಾಂಶಕ್ಕೆ ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ಇದರ ಗುಟ್ಟು ಗೊತ್ತು. ಈ ಪದದಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಒತ್ತಬೇಕು. ಒತ್ತದಿದ್ದರೆ ‘ವ’ ಕೆಳಗಿಳಿದು ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಎಂದಾಗುತ್ತದೆ. ಯೂನಿಕೋಡ್‌ನಲ್ಲಿ ಅದಕ್ಕೆ ಸಂಖ್ಯೆಯೂ ಇದೆ, 200ಸಿ. ಅಗಲವೇ ಇಲ್ಲದ ಅಕ್ಷರ. ಮೊಬೈಲಿನಲ್ಲಿ ಬರೆದ ಟಿಪ್ಪಣಿಗಳಲ್ಲಿ ಅದು ಇತ್ತು, ಅವಸರದಲ್ಲಿ ಲ್ಯಾಪ್‌ಟಾಪಿನಲ್ಲಿ ಬರೆದವುಗಳಲ್ಲಿ ಇರಲಿಲ್ಲ. ಓದುವವನಿಗೆ ಒಂದೇ ಪದ, ಯಂತ್ರಕ್ಕೆ ಎರಡು. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಸಿಗುವ ದೋಷವಲ್ಲ.

ಕೆಲಸ ಹೋದ ಐದು ತಿಂಗಳಲ್ಲಿ ಮೊದಲ ಬಾರಿಗೆ ಒಂದು ದೋಷ ವರದಿ ಬರೆದೆ. ಹೆಜ್ಜೆಗಳು, ನಿರೀಕ್ಷಿಸಿದ್ದು, ಆದದ್ದು, ಕಾರಣವಿರಬಹುದಾದದ್ದು, ಎರಡು ಚಿತ್ರಗಳು. ಮಲಯಾಳಂನಲ್ಲಿಯೂ ಇದೇ ಅಕ್ಷರ ಇದೇ ತೊಂದರೆ ಕೊಡಬಹುದು ಎಂಬ ಒಂದು ಸಾಲು ಕೂಡ. ಯಾರೂ ಕೇಳಿರಲಿಲ್ಲ, ದುಡ್ಡಿರಲಿಲ್ಲ. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ಜಗತ್ತಿನ ಯಾವ ಮೂಲೆಯವರೋ, ನಮ್ಮಲ್ಲಿಯೂ ಹಾಗೇ ಆಗುತ್ತಿದೆ, ವರದಿ ತುಂಬ ಸ್ಪಷ್ಟವಾಗಿದೆ, ಧನ್ಯವಾದ ಎಂದು ಬರೆದಿದ್ದರು. ಎರಡೇ ಸಾಲು. ಅದನ್ನು ಹೆಂಡತಿಗೆ ತೋರಿಸಿದೆ. ಅವಳು ಓದಿ, ಕನ್ನಡಕ ತೆಗೆದು, ‘ಇದರಲ್ಲಿ ಅಳುವಂಥದ್ದು ಏನಿದೆ?’ ಎಂದಳು. ಆಗಲೇ ಗೊತ್ತಾದದ್ದು ನನ್ನ ಕಣ್ಣು ಒದ್ದೆಯಾಗಿತ್ತೆಂದು.

ಭಾನುವಾರದ ಹತ್ತು ನಿಮಿಷ

ಮನೆಯೊಳಗಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಮೂರು ತಿಂಗಳು ಅವಳು ದಿನವೂ ಸಂಜೆ ‘ಏನಾಯಿತು?’ ಎಂದು ಕೇಳುತ್ತಿದ್ದಳು. ಕೇಳದಿದ್ದರೆ ಅಸಡ್ಡೆ ಎಂದು ನನಗನ್ನಿಸುತ್ತಿತ್ತು, ಕೇಳಿದರೆ ವಿಚಾರಣೆ ಎನ್ನಿಸುತ್ತಿತ್ತು. ಒಂದು ಜಗಳದ ನಂತರ ಅವಳೇ ಒಪ್ಪಂದ ಮಾಡಿದಳು: ವಾರವಿಡೀ ಕೇಳುವುದಿಲ್ಲ, ಭಾನುವಾರ ಸಂಜೆ ಕಾಫಿಯ ಹೊತ್ತಿಗೆ ಹತ್ತು ನಿಮಿಷ, ನಾನು ಕೋಷ್ಟಕ ತೆರೆದು ತೋರಿಸಬೇಕು, ಆಮೇಲೆ ಮಾತು ಬೇರೆ. ಶಾಲೆಯಲ್ಲಿ ಪೋಷಕರ ಸಭೆ ನಡೆಸುವವರಿಗೆ ಇಂಥ ಉಪಾಯಗಳು ತಾವಾಗಿ ಹೊಳೆಯುತ್ತವೆ. ಮಗಳಿಗೂ ಹೇಳಿದೆವು. ಅವಳಿಗೆ ಮೊದಲೇ ಗೊತ್ತಿತ್ತು. ‘ನಿನ್ನ ಚೀಲ ಹಗುರವಾಗಿತ್ತಲ್ಲ ಅಪ್ಪ’ ಎಂದಳು.

ವಂಚಕರು ಬಂದರು, ಬರಲೇಬೇಕು. ನೇಮಕ ಆಗಿದೆ, ಲ್ಯಾಪ್‌ಟಾಪಿಗೆ ಮರಳಿಸುವ ಠೇವಣಿ ಕಟ್ಟಿ ಎಂದು ದೊಡ್ಡ ಕಂಪನಿಯ ಲಾಂಛನ ಹಾಕಿದ ಪತ್ರ ಬಂತು. ಮಿಂಚಂಚೆಯ ವಿಳಾಸ ನೋಡಿದರೆ ಸಾರ್ವಜನಿಕ ಉಚಿತ ಸೇವೆಯದು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದ ನಾನೂ ಆ ಪತ್ರವನ್ನು ಎರಡು ಗಂಟೆ ಅಳಿಸದೆ ಇಟ್ಟುಕೊಂಡಿದ್ದೆ. ಆ ಎರಡು ಗಂಟೆಯ ಬಗ್ಗೆ ಇನ್ನೂ ನಾಚಿಕೆಯಿದೆ. ಆಗಸ್ಟ್ ಮುಗಿಯುವಾಗ ಭವಿಷ್ಯ ನಿಧಿಯನ್ನೂ ತೆಗೆದೆವು.

ನೇರಳೆ ಮಾರ್ಗ

ಪರಿಚಯದವರಿಗೆ ಹೇಳಿ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹೇಳಿದ್ದೆ, ಹತ್ತಿರದ ನಾಲ್ವರು ಗೆಳೆಯರಿಗೆ. ಅವರಲ್ಲಿ ಮೂವರು ನನ್ನ ಜೊತೆಯೇ ಕೆಲಸ ಕಳೆದುಕೊಂಡವರು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯದಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ನನಗೆ ಅಡ್ಡ ಬಂದದ್ದು ಅಜ್ಞಾನವಲ್ಲ, ಮಾನ. ಹತ್ತು ವರ್ಷ ಮಾತಾಡಿಸದವರಿಗೆ ಬರೆಯುವುದು ಹೇಗೆ?

ಸೆಪ್ಟೆಂಬರ್‌ನಲ್ಲಿ ಬರೆದೆ. ‘ಕೆಲಸವಿದ್ದರೆ ತಿಳಿಸಿ’ ಎಂದು ಬರೆಯಲಿಲ್ಲ. ಅದಕ್ಕೆ ಯಾರೂ ಏನೂ ಹೇಳಲಾರರು. ನಾನು ಏನು ಮಾಡಬಲ್ಲೆ ಎಂಬ ಎರಡು ಸಾಲು, ಆ ಕಾಣದ ಅಕ್ಷರದ ವರದಿಯ ಕೊಂಡಿ, ನಿಮ್ಮ ತಂಡದಲ್ಲಿ ಪರೀಕ್ಷೆ ನೋಡಿಕೊಳ್ಳುವವರು ಯಾರು ಎಂಬ ಒಂದು ಪ್ರಶ್ನೆ. ಇಪ್ಪತ್ತಾರು ಜನರಿಗೆ ಬರೆದರೆ ಹದಿನೇಳು ಜನ ಉತ್ತರಿಸಿದರು. ಎಷ್ಟೋ ವರ್ಷದ ಹಿಂದೆ ನನ್ನ ಕೈಕೆಳಗೆ ತರಬೇತಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಈಗ ವೈಟ್‌ಫೀಲ್ಡ್‌ನ ಉತ್ಪನ್ನ ಕಂಪನಿಯೊಂದರಲ್ಲಿ ತಂಡ ನಡೆಸುತ್ತಿದ್ದಳು. ಅವರ ಆ್ಯಪ್‌ಗೆ ಏಳು ಭಾರತೀಯ ಭಾಷೆಗಳನ್ನು ಸೇರಿಸುವ ಕೆಲಸ ಶುರುವಾಗಿತ್ತು.

ವೈಟ್‌ಫೀಲ್ಡ್ ಎಂದು ಕಂಡರೆ ಅರ್ಜಿಯನ್ನೇ ಹಾಕದೆ ಬಿಟ್ಟವನು ನಾನು. ವಿಜಯನಗರದಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ. ಆದರೆ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ತುಂಡು ತೆರೆದು, ನೇರಳೆ ಮಾರ್ಗದಲ್ಲಿ ಮೆಟ್ರೊ ನಮ್ಮ ಮನೆಯ ಹತ್ತಿರದಿಂದ ಕಾಡುಗೋಡಿಯವರೆಗೆ ಒಂದೇ ರೈಲಾಯಿತು. ಸಂದರ್ಶನಕ್ಕೆ ಅದರಲ್ಲಿಯೇ ಹೋದೆ. ಮೂರು ಸುತ್ತು. ಎರಡನೆಯ ಸುತ್ತಿನಲ್ಲಿ ಮುಕ್ಕಾಲು ಗಂಟೆ ಆ 200ಸಿ ಅಕ್ಷರದ ಬಗ್ಗೆಯೇ ಮಾತಾಡಿದೆವು; ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಅದೇನು ಮಾಡಬಹುದು ಎಂದು ಕೇಳಿದರು, ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದೆ. ವೇಟ್‌ಗಳ ಪ್ರಶ್ನೆಯೂ ಬಂತು. ಈ ಸಲ ಕೆಡಿಸಿಕೊಂಡ ಅನುಭವವಿತ್ತು.

ಸಿಕ್ಕಿದ್ದು ಆರು ತಿಂಗಳ ಗುತ್ತಿಗೆ, ಹಿಂದಿನ ಸಂಬಳದ ಮುಕ್ಕಾಲು ಪಾಲು. ಗೆದ್ದೆ ಎಂದು ಹೇಳುವಂಥದ್ದಲ್ಲ. ಆ ಆರ್ಥಿಕ ವರ್ಷ ಮುಗಿದಾಗ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೇ ಸಿಬ್ಬಂದಿ ಸಂಖ್ಯೆ 63 ಸಾವಿರಕ್ಕೂ ಹೆಚ್ಚು ಇಳಿದಿತ್ತು ಎಂದು ಓದಿದಾಗ, ನನ್ನ 119 ಚಕ್ರಗಳು ಎಲ್ಲಿ ತಿರುಗುತ್ತಿದ್ದವು ಎಂಬುದರ ಅಂದಾಜಾಯಿತು. ಎಲ್ಲ ದೋಷವೂ ನನ್ನ ರೆಸ್ಯೂಮೆಯದಾಗಿರಲಿಲ್ಲ. ಹಾಗೆಂದು ಮೊದಲೇ ತಿಳಿದಿದ್ದರೆ ಫೋನ್ ಸಂಖ್ಯೆ ಇಲ್ಲದ ರೆಸ್ಯೂಮೆಯನ್ನು ಇನ್ನೂ ಕಳಿಸುತ್ತಲೇ ಇರುತ್ತಿದ್ದೆನೋ ಏನೋ. ಗುತ್ತಿಗೆ ಎರಡು ಸಲ ನವೀಕರಣವಾಯಿತು. ಕೋಷ್ಟಕವನ್ನು ಅಳಿಸಿಲ್ಲ.

2024ರ ಫೆಬ್ರುವರಿಯಲ್ಲಿ ಮೆಟ್ರೊದಲ್ಲಿ ನಿಂತಿದ್ದಾಗ ಒಂದು ಮಿಂಚಂಚೆ ಬಂತು. ಹಿಂದಿನ ಮೇ ತಿಂಗಳಲ್ಲಿ ಹಾಕಿದ್ದ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದಾಗಿಯೂ, ಸದ್ಯಕ್ಕೆ ಮುಂದುವರಿಸಲು ಆಗುತ್ತಿಲ್ಲವೆಂದೂ, ನನ್ನ ಮುಂದಿನ ಹುಡುಕಾಟಕ್ಕೆ ಶುಭ ಕೋರುವುದಾಗಿಯೂ ಬರೆದಿದ್ದರು. ಹೆಸರಿನ ಜಾಗದಲ್ಲಿ ನನ್ನ ಪದವಿಯ ವರ್ಷ ಇತ್ತು. ಎರಡು ಅಂಕಣದ ರೆಸ್ಯೂಮೆ ಕಳಿಸಿದ್ದ ಕಾಲದ್ದು. ಮೊಬೈಲಿನಲ್ಲಿಯೇ ಕೋಷ್ಟಕ ತೆರೆದು, 87ನೆಯ ಸಾಲನ್ನು ಹುಡುಕಿ, ‘ತಿರಸ್ಕಾರ’ ಎಂದು ತುಂಬಿ ಉಳಿಸಿದೆ. ಅಷ್ಟರಲ್ಲಿ ಇಂದಿರಾನಗರ ಬಂದಿತ್ತು, ಕೂರಲು ಜಾಗವೂ ಸಿಕ್ಕಿತು.